ಅಲಾಭದ ಭಯ ವೈರಾಗ್ಯವಲ್ಲ

ಸುಖವನ್ನು ಬಯಸದ ಜೀವಿ ಲೋಕದಲ್ಲಿಲ್ಲ. ದುಃಖಕ್ಕೆ ಅಂಜದ ಜೀವಿಯೂ ಇಲ್ಲ. ಈ ಎರಡು ಮಾತುಗಳನ್ನು ನಾವು ಉಪದೇಶಗಳಲ್ಲಿ ಮೇಲಿಂದ ಮೇಲೆ ಕೇಳುತ್ತ ಬಂದಿದ್ದೇವೆ. ಆದರೆ ಇವೆರಡರ ನಡುವೆ ಹುಟ್ಟುವ ಮೂರನೆಯದೊಂದು ಪ್ರಶ್ನೆಯನ್ನು ಗೃಹಸ್ಥನಾದವನು ತನ್ನ ಆಯುಷ್ಯದಲ್ಲಿ ಒಂದಿಲ್ಲೊಂದು ಸಲ ಎದುರಿಸಲೇಬೇಕಾಗುತ್ತದೆ. ಸುಖವನ್ನರಸಿ ಹೊರಟವನಿಗೆ ದುಃಖವೂ ನಿರಾಶೆಯೂ ಒದಗುವ ಸಂಭವವಿರುವಾಗ, ಹೊರಡುವುದು ಲೇಸೋ, ಹೊರಡದೆ ಕುಳಿತಿರುವುದು ಲೇಸೋ? ಏನನ್ನೂ ಬಯಸದಿದ್ದರೆ ಏನನ್ನೂ ಕಳೆದುಕೊಳ್ಳಬೇಕಾಗಿಲ್ಲವಷ್ಟೆ; ಧರ್ಮವು ಹೇಳುವ ವೈರಾಗ್ಯವು ಇದೇ ಅಲ್ಲವೆ?

ಈ ಪ್ರಶ್ನೆಯನ್ನು ನಾನು ಗ್ರಂಥದಿಂದ ಎತ್ತಿಕೊಂಡದ್ದಲ್ಲ. ನನ್ನ ಅಣ್ಣನ ಮಗಳು ಇದನ್ನು ನನಗೆ ಕೇಳಿದಳು. ಅವಳ ಚೊಚ್ಚಲ ಕೂಸು ಹುಟ್ಟಿದ ಮೂರನೆಯ ದಿನವೇ ತೀರಿಕೊಂಡಿತು. ಅದಾಗಿ ಎರಡು ವರ್ಷಗಳ ಮೇಲೆ ಒಂದು ದಿನ ಅವಳ ಮನೆಗೆ ಹೋಗಿದ್ದೆ. ಶಾಲೆಗೆ ಹೋಗುವ ವಯಸ್ಸಿನಿಂದ ದಶಲಕ್ಷಣಪರ್ವದಲ್ಲಿ ತಪ್ಪದೆ ಏಕಾಶನ ಮಾಡುತ್ತಿದ್ದವಳು ಅದನ್ನು ಬಿಟ್ಟಿದ್ದಳು. ನೆರೆಮನೆಯ ನಾಮಕರಣಗಳಿಗೆ ಹೋಗುವುದನ್ನು ಬಿಟ್ಟಿದ್ದಳು. ಏಕೆಂದು ಕೇಳಿದಾಗ ಶಾಂತಳಾಗಿಯೇ ಹೇಳಿದಳು: "ಕಾಕಾ, ಏನೂ ಬಯಸದಽ ಇದ್ರ ದುಃಖಾನೂ ಇಲ್ಲ ನೋಡ್ರಿ. ನಮ್ಮ ಧರ್ಮ ಹೇಳೂದೂ ಅದನ್ನಽ ಅಲ್ಲೇನು?"

ನಾನು "ಹೌದವ್ವಾ" ಎಂದೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ಪಾಠ ಹೇಳಿದವನು, ಪಾಠಶಾಲೆಯಲ್ಲಿ ತತ್ತ್ವಾರ್ಥಸೂತ್ರವನ್ನು ಕಂಠಪಾಠ ಮಾಡಿದವನು, ಹೌದೆಂದು ಹೇಳಿ ಅವಳು ಕೊಟ್ಟ ನೀರು ಕುಡಿದು ಮನೆಗೆ ಬಂದೆ. ಆದರೆ ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ಯಾವ ಬಗೆಯಲ್ಲಿ ತಪ್ಪೆಂಬುದನ್ನು ತಿಳಿದುಕೊಳ್ಳಲು ನನಗೆ ಕೆಲವು ತಿಂಗಳುಗಳು ಬೇಕಾದವು. ಅವಳ ಅನುಮತಿಯನ್ನು ಪಡೆದೇ ಈ ವಿಚಾರವನ್ನು ವಾಚಕರ ಮುಂದಿಡುತ್ತಿದ್ದೇನೆ. ಏಕೆಂದರೆ ಇಂಥ ತಪ್ಪು ಉತ್ತರವನ್ನು ಕೊಡುವ ಹಿರಿಯನು ನಾನೊಬ್ಬನೇ ಆಗಿರಲಾರೆ.

ಮೊದಲು ಧರ್ಮದ ಪಕ್ಷವನ್ನು ಯಥಾವತ್ತಾಗಿ ಹೇಳತಕ್ಕದ್ದು. ಇಂದ್ರಿಯಸುಖವನ್ನು ನಮ್ಮ ಆಚಾರ್ಯರು ಹೊಗಳಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನದ ಎಂಟು ಅಂಗಗಳನ್ನು ವಿವರಿಸುವಾಗ, ಎರಡನೆಯದಾದ ನಿಷ್ಕಾಂಕ್ಷಿತ ಅಂಗದಲ್ಲಿ, ಈ ಸುಖವು ಕರ್ಮಕ್ಕೆ ಅಧೀನವಾದುದು, ಕೊನೆಯುಳ್ಳದ್ದು, ನಡುನಡುವೆ ದುಃಖವು ಬೆರೆತದ್ದು, ಪಾಪಕ್ಕೆ ಬೀಜವಾದುದು ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಸಾತಾವೇದನೀಯದ ಉದಯದಿಂದ ಬಂದ ಸುಖ ಆ ಉದಯ ಮುಗಿದೊಡನೆ ಹೋಗುತ್ತದೆ. ಅಸಾತಾವೇದನೀಯದ ಉದಯಕ್ಕೆ ತಿಥಿವಾರಗಳಿಲ್ಲ. ಇದರಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಆದರೆ ಆಚಾರ್ಯರು ಇಲ್ಲಿ ಬಿಡಬೇಕೆಂದು ಹೇಳಿದ್ದು ಯಾವುದನ್ನು ಎಂಬುದನ್ನು ಗಮನಿಸಬೇಕು. ಅಂಥ ಸುಖದಲ್ಲಿ ಆಸ್ಥೆಯನ್ನು ಇಡಬಾರದು, ಎಂದರೆ ಅದೇ ಶಾಶ್ವತವಾದ ನೆಲೆಯೆಂದು ನಂಬಿ ನಿಲ್ಲಬಾರದು ಎಂಬುದು ಅವರ ಅಭಿಪ್ರಾಯ. ನೆಚ್ಚಿಕೊಳ್ಳದಿರುವುದು ಒಂದು; ಅಂಜಿ ಓಡುವುದು ಇನ್ನೊಂದು. ಹೊಳೆಯ ಸೇತುವೆಯ ಮೇಲೆ ಮನೆ ಕಟ್ಟಬಾರದೆಂದು ಹೇಳಿದರೆ, ಸೇತುವೆಯ ಮೇಲೆ ಕಾಲಿಡಬಾರದೆಂದು ಹೇಳಿದಂತಾಗಲಿಲ್ಲ.

ಭಯವೆಂಬುದು ನಮ್ಮ ಶಾಸ್ತ್ರದಲ್ಲಿ ಯಾವ ಪಂಕ್ತಿಯಲ್ಲಿ ಬರುತ್ತದೆಂಬುದನ್ನು ನೋಡೋಣ. ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ ಮತ್ತು ಮೂರು ವೇದಗಳು, ಈ ಒಂಬತ್ತು ನೋಕಷಾಯಗಳು. ಇವು ಚಾರಿತ್ರಮೋಹನೀಯದ ಪ್ರಕೃತಿಗಳು. ಆಸೆಯು ಮೋಹದಿಂದ ಹುಟ್ಟಿದಂತೆ ಭಯವೂ ಮೋಹದಿಂದಲೇ ಹುಟ್ಟಿದ್ದು. ಕುಂದಕುಂದಾಚಾರ್ಯರು ಸಮಯಸಾರದಲ್ಲಿ ಸಮ್ಯಗ್ದೃಷ್ಟಿಯು ನಿಶ್ಶಂಕನಾದ ಕಾರಣ ನಿರ್ಭಯನು, ಸಪ್ತಭಯಗಳಿಂದ ಮುಕ್ತನು ಎಂದಿದ್ದಾರೆ. ಆ ಏಳು ಭಯಗಳ ಪಟ್ಟಿಯಲ್ಲಿ ವೇದನಾಭಯವೂ ಇದೆ, ಆಕಸ್ಮಿಕಭಯವೂ ಇದೆ. ನೋವು ಬಂದೀತೆಂಬ ಅಂಜಿಕೆ, ಎಣಿಸದ ಆಪತ್ತು ಎರಗೀತೆಂಬ ಅಂಜಿಕೆ: ನಮ್ಮ ಹುಡುಗಿಯನ್ನು ಮನೆಯೊಳಗೆ ಕೂಡಿಸಿದ್ದು ಇವೇ ಅಲ್ಲವೆ? ಹಾಗಿರುವಾಗ ಅದನ್ನು ವೈರಾಗ್ಯವೆಂದು ಹೇಗೆ ಕರೆಯೋಣ? ಸಲ್ಲೇಖನೆಯ ಅತಿಚಾರಗಳನ್ನು ಹೇಳುವಾಗ ಸೂತ್ರಕಾರರು ಬದುಕಬೇಕೆಂಬ ಆಶಂಸೆಯನ್ನೂ ಸಾಯಬೇಕೆಂಬ ಆಶಂಸೆಯನ್ನೂ ಒಂದೇ ಸಾಲಿನಲ್ಲಿ ಇಟ್ಟಿದ್ದಾರೆ. ಹಿಡಿಯಲು ಹೋಗುವ ಕೈಯಲ್ಲಿ ಬಯಕೆಯಿರುವಂತೆ, ಹಿಂದೆ ಸರಿಯುವ ಕೈಯಲ್ಲಿಯೂ ಬಯಕೆಯಿರಬಹುದು ಎಂಬುದು ಇದರಿಂದ ತಿಳಿಯುತ್ತದೆ. 'ನನಗೆ ನೋವಾಗಕೂಡದು' ಎಂಬುದೂ ಒಂದು ಬಯಕೆಯೇ.

ಈಗ ಅಲಾಭದ ಮಾತು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿರುವ 22 ಪರೀಷಹಗಳಲ್ಲಿ ಅಲಾಭವೂ ಒಂದು. ಮುನಿಗಳು ಆಹಾರಚರ್ಯೆಗೆ ಹೊರಟಾಗ ವಿಧಿ ಸೇರದೆ, ಯೋಗ್ಯ ಆಹಾರ ದೊರೆಯದೆ ಹಿಂತಿರುಗಬೇಕಾದರೆ ಅದು ಅಲಾಭ. ಪರೀಷಹವನ್ನು ಸಹಿಸಬೇಕೆಂದು ಸೂತ್ರವು ವಿಧಿಸುತ್ತದೆ. ಅಲಾಭವಾದೀತೆಂದು ಚರ್ಯೆಗೇ ಹೊರಡಬಾರದೆಂದು ಎಲ್ಲಿಯೂ ವಿಧಿಸಿಲ್ಲ. ಹೊರಡದವನಿಗೆ ಅಲಾಭಪರೀಷಹವೇ ಇಲ್ಲ. ಅದನ್ನು ಗೆದ್ದ ನಿರ್ಜರೆಯೂ ಇಲ್ಲ.

ಆದಿತೀರ್ಥಂಕರರ ಕಥೆಯನ್ನು ನಮ್ಮ ಮನೆಗಳಲ್ಲಿ ಅಕ್ಷಯತೃತೀಯೆಯಂದು ವರ್ಷವೂ ನೆನೆಯುತ್ತೇವೆ. ಜಿನಸೇನಾಚಾರ್ಯರ ಮಹಾಪುರಾಣದಲ್ಲಿಯೂ, ಕ್ರಿ.ಶ. 941ರಲ್ಲಿ ಪಂಪನು ರಚಿಸಿದ ಆದಿಪುರಾಣದಲ್ಲಿಯೂ ಅದು ವಿಸ್ತಾರವಾಗಿ ಬಂದಿದೆ. ವೃಷಭಸ್ವಾಮಿಯು ದೀಕ್ಷೆಗೊಂಡು ಆರು ತಿಂಗಳು ಪ್ರತಿಮಾಯೋಗದಲ್ಲಿ ನಿಂತ ಮೇಲೆ, ಮುಂದೆ ಬರುವ ಮುನಿಗಳಿಗೆ ಆಹಾರಚರ್ಯೆಯ ಮಾರ್ಗವನ್ನು ತೋರಿಸುವುದಕ್ಕಾಗಿ ಊರೂರಿಗೆ ವಿಹರಿಸಿದನು. ಜನರಿಗೆ ಆಹಾರದಾನದ ವಿಧಿ ತಿಳಿದಿರಲಿಲ್ಲ. ಪ್ರೀತಿಯೇನೂ ಕಡಿಮೆಯಿರಲಿಲ್ಲ, ಒಬ್ಬನು ರತ್ನವನ್ನು ತಂದನು, ಒಬ್ಬನು ಆನೆಕುದುರೆಗಳನ್ನು ತಂದನು, ಒಬ್ಬನು ಕನ್ಯೆಯನ್ನೇ ತಂದು ನಿಲ್ಲಿಸಿದನು. ಬೇಕಾದ ಒಂದು ಬೊಗಸೆ ಶುದ್ಧಾಹಾರವನ್ನು ಮಾತ್ರ ಯಾರೂ ತರಲಿಲ್ಲ. ಹೀಗೆ ಮತ್ತೂ ಹಲವು ತಿಂಗಳು ಕಳೆದವು. ಸ್ವಾಮಿಯು ಚರ್ಯೆಗೆ ಹೊರಡುವುದನ್ನು ಬಿಡಲಿಲ್ಲ. ಸಿಗದೆ ಹಿಂತಿರುಗಿದಾಗ ಖೇದಗೊಳ್ಳಲಿಲ್ಲ. ಅಯೋಗ್ಯವಾದುದನ್ನು ಸ್ವೀಕರಿಸಲೂ ಇಲ್ಲ. ಕೊನೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸಕುಮಾರನು ಕಬ್ಬಿನ ರಸವನ್ನು ನೀಡಿದನು.

ಈ ಮೂರು ಮಾತುಗಳಲ್ಲಿ ನಮ್ಮ ಪ್ರಶ್ನೆಗೆ ಉತ್ತರವಿದೆಯೆಂದು ನನಗೆ ತೋರುತ್ತದೆ: ಹೊರಡುವುದನ್ನು ಬಿಡಬಾರದು, ಸಿಗದಿದ್ದರೆ ಕುದಿಯಬಾರದು, ಹಸಿವೆಯ ನೆಪದಿಂದ ಅಯೋಗ್ಯವಾದುದನ್ನು ಹಿಡಿಯಬಾರದು. ಲೋಭಿಯು ಮೂರನೆಯದನ್ನು ಮುರಿಯುತ್ತಾನೆ, ಕ್ರೋಧಿಯು ಎರಡನೆಯದನ್ನು, ಭೀರುವು ಮೊದಲನೆಯದನ್ನು. ನಾವು ಲೋಭಿಗೂ ಕ್ರೋಧಿಗೂ ಬುದ್ಧಿ ಹೇಳುತ್ತೇವೆ. ಭೀರುವನ್ನು ಮಾತ್ರ ಎಷ್ಟೋ ಸಲ ವಿರಕ್ತನೆಂದು ತಿಳಿದು ಹೊಗಳಿಬಿಡುತ್ತೇವೆ.

ಶ್ರೇಯಾಂಸನಿಗೆ ಆ ವಿಧಿ ಹೇಗೆ ತಿಳಿಯಿತು? ಜಾತಿಸ್ಮರಣೆಯಿಂದ. ಪೂರ್ವಜನ್ಮದಲ್ಲಿ ಅವನು ಶ್ರೀಮತಿಯಾಗಿದ್ದನು, ವೃಷಭಸ್ವಾಮಿಯು ವಜ್ರಜಂಘನಾಗಿದ್ದನು. ಆ ದಂಪತಿಗಳು ಕೂಡಿ ಚಾರಣಮುನಿಗಳಿಗೆ ಆಹಾರದಾನ ಮಾಡಿದ್ದರು. ಅವರಿಬ್ಬರ ಅಂತ್ಯವನ್ನು ಕೇಳಿ ಮರುಗದವರಿಲ್ಲ: ಶಯ್ಯಾಗೃಹದಲ್ಲಿ ಧೂಪದ ಹೊಗೆ ತುಂಬಿ, ಹೊರಗೆ ಹೋಗಲು ದಾರಿಯಿಲ್ಲದೆ, ಸುಖದ ನಡುವೆಯೇ ಇಬ್ಬರೂ ಮಡಿದರು. ಅವರ ಭೋಗಸುಖ ಅಲ್ಲಿಗೆ ಮುಗಿಯಿತು. ಆದರೆ ಅವರು ಜೊತೆಗೂಡಿ ಮಾಡಿದ ದಾನದ ಸಂಸ್ಕಾರ ಮುಗಿಯಲಿಲ್ಲ. ಭವಾಂತರಗಳನ್ನು ದಾಟಿ ಬಂದು, ಒಬ್ಬರ ಬೊಗಸೆಗೆ ಇನ್ನೊಬ್ಬರ ಕೈಯಿಂದ ಕಬ್ಬಿನ ರಸವಾಗಿ ಇಳಿಯಿತು. ಕೊನೆಯು ದುಃಖಕರವಾಯಿತೆಂದ ಮಾತ್ರಕ್ಕೆ ಅದಕ್ಕಿಂತ ಮೊದಲಿನ ಬಾಳೆಲ್ಲ ವ್ಯರ್ಥವೆಂದು ಹೇಳುವವರು ಈ ಕಥೆಯನ್ನು ಇನ್ನೊಮ್ಮೆ ಓದಬೇಕು.

ಸ್ವಾಮಿಯ ಜೊತೆಗೆ ದೀಕ್ಷೆಗೊಂಡ ನಾಲ್ಕು ಸಾವಿರ ರಾಜರ ಗತಿಯನ್ನೂ ಇಲ್ಲಿ ನೆನೆಯಬೇಕು. ಅವರು ಸ್ವಾಮಿಭಕ್ತಿಯೊಂದರಿಂದಲೇ ಹೊರಟವರು, ಮಾರ್ಗವನ್ನು ಅರಿಯದವರು. ಹಸಿವು ನೀರಡಿಕೆಗಳನ್ನು ತಾಳಲಾರದೆ ಗೆಡ್ಡೆಗೆಣಸುಗಳನ್ನು ತಿಂದು, ನಾರುಬಟ್ಟೆಯುಟ್ಟು ಭ್ರಷ್ಟರಾದರು. ಆದುದರಿಂದ 'ಹೊರಡಬೇಕು' ಎಂದರೆ ತಿಳಿಯದೆ ಧುಮುಕಬೇಕು ಎಂದರ್ಥವಲ್ಲ. ಷೋಡಶಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ 'ಶಕ್ತಿತಃ' ಎಂಬ ಮಾತು ಹತ್ತಿಕೊಂಡಿರುವುದು ಇದಕ್ಕಾಗಿಯೇ. ರೋಗಿಗಳೂ ವೃದ್ಧರೂ ಬಾಣಂತಿಯರೂ ಉಪವಾಸದ ಬದಲು ಏಕಾಶನವನ್ನೋ ರಸತ್ಯಾಗವನ್ನೋ ಆರಿಸಿಕೊಂಡರೆ ಅದು ಭೀರುತನವಲ್ಲ, ವಿವೇಕ.

ಅಲಾಭವಾದಾಗ ಪ್ರಯತ್ನವನ್ನೇ ಏಕೆ ಬಿಡಬಾರದೆಂಬುದಕ್ಕೆ ಕರ್ಮಸಿದ್ಧಾಂತದಲ್ಲಿ ಒಂದು ಸೂಕ್ಷ್ಮವಿದೆ. ಅಂತರಾಯಕರ್ಮದ ಭೇದಗಳು ಐದು: ದಾನಾಂತರಾಯ, ಲಾಭಾಂತರಾಯ, ಭೋಗಾಂತರಾಯ, ಉಪಭೋಗಾಂತರಾಯ, ವೀರ್ಯಾಂತರಾಯ. ಲಾಭಕ್ಕೆ ಅಡ್ಡಬರುವ ಕರ್ಮ ಬೇರೆ. ವೀರ್ಯಕ್ಕೆ, ಎಂದರೆ ಜೀವನ ಉತ್ಸಾಹಶಕ್ತಿಗೆ ಅಡ್ಡಬರುವ ಕರ್ಮ ಬೇರೆ. ವ್ಯಾಪಾರಸ್ಥ ಬಂಧುಗಳಿಗೆ ತಿಳಿಯುವಂತೆ ಹೇಳುವುದಾದರೆ ಇವು ಎರಡು ಬೇರೆ ಬೇರೆ ಖಾತೆಗಳು. ಒಂದರಲ್ಲಿ ಆದ ಹಾನಿಯನ್ನು ಇನ್ನೊಂದರಲ್ಲಿ ಖರ್ಚು ಬರೆಯಲು ಯಾರೂ ಹೇಳಿಲ್ಲ. ಸಿಗಲಿಲ್ಲವೆಂಬುದು ಒಂದು ನಷ್ಟ. ಸಿಗಲಿಲ್ಲವೆಂದು ಚೈತನ್ಯವನ್ನೂ ಕುಗ್ಗಿಸಿಕೊಳ್ಳುವುದು ನಾವಾಗಿ ಸೇರಿಸಿಕೊಂಡ ಎರಡನೆಯ ನಷ್ಟ. ಅಸಿ, ಮಸಿ, ಕೃಷಿ ಮೊದಲಾದ ಷಟ್ಕರ್ಮಗಳನ್ನು ಪ್ರಜೆಗಳಿಗೆ ಕಲಿಸಿದವನು ಆದಿದೇವನೇ. ಕೃಷಿಯೆಂದ ಮೇಲೆ ಮಳೆ ತಪ್ಪುವುದೂ ಉಂಟು. ನಮ್ಮ ಎರೆಹೊಲದ ರೈತನು ಹೋದ ವರ್ಷದ ಹಿಂಗಾರಿ ಜೋಳ ಒಣಗಿತೆಂದು ಈ ವರ್ಷ ಕೂರಿಗೆಯನ್ನು ಅಟ್ಟಕ್ಕೆ ಏರಿಸುವುದಿಲ್ಲ. ಹೊಲದ ಹಸಿಯನ್ನು ಪರೀಕ್ಷಿಸಿ ಮತ್ತೆ ಬಿತ್ತುತ್ತಾನೆ.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಈ ಸಿದ್ಧಾಂತವನ್ನು ಶೋಕದಲ್ಲಿರುವವರ ಮುಂದೆ ದೋಷಾರೋಪಣೆಯಾಗಿ ಆಡಬಾರದು. 'ನಿನ್ನ ಕರ್ಮ' ಎಂದು ಚುಚ್ಚಿ ನುಡಿದು ಇನ್ನೊಬ್ಬರಿಗೆ ದುಃಖಶೋಕಗಳನ್ನುಂಟುಮಾಡಿದವನಿಗೆ ಅಸಾತಾವೇದನೀಯದ ಆಸ್ರವವಾಗುತ್ತದೆಂದು ಅದೇ ಸೂತ್ರಗ್ರಂಥ ಹೇಳುತ್ತದೆ. ಕಣ್ಣೀರನ್ನೂ ಹೀಗಳೆಯಬಾರದು. ಇಷ್ಟವಿಯೋಗದ ಆರ್ತಧ್ಯಾನವು ವ್ರತಿಗಳಾದ ಶ್ರಾವಕರಿಗಷ್ಟೇ ಅಲ್ಲ, ಪ್ರಮತ್ತಸಂಯತರವರೆಗೂ ಸಂಭವಿಸುತ್ತದೆಂದು ಶಾಸ್ತ್ರವೇ ಒಪ್ಪಿಕೊಂಡಿರುವಾಗ, ತಾಯಿಯೊಬ್ಬಳು ಅತ್ತಳೆಂದು ಆಕೆಗೆ ಧರ್ಮವಿಲ್ಲವೆನ್ನಲು ನಾವಾರು?

ನನ್ನ ತಪ್ಪು ನನಗೆ ಅರಿವಾದದ್ದು ಈ ಸಂದರ್ಭದಲ್ಲಿಯೇ. ಅಂತರಾಯಕರ್ಮದ ಆಸ್ರವಕ್ಕೆ ಕಾರಣವೇನು? ಇನ್ನೊಬ್ಬರಿಗೆ ವಿಘ್ನವನ್ನುಂಟುಮಾಡುವುದು. ಮುಚ್ಚಿಕೊಳ್ಳುತ್ತಿದ್ದ ಬಾಗಿಲೊಂದಕ್ಕೆ ನಾನು ಧರ್ಮದ ಹೆಸರಿನಿಂದ ಹೊರಗಿನಿಂದ ಅಗಳಿ ಹಾಕಿ ಬಂದಿದ್ದೆ.

ಆಗ ನನಗೆ ನನ್ನ ಧರ್ಮಪತ್ನಿಯ ಮಾತೊಂದು ನೆನಪಿಗೆ ಬಂತು. 2006ರಲ್ಲಿ ನಮ್ಮೂರಿನಲ್ಲಿ ಮುನಿಸಂಘದ ವರ್ಷಾಯೋಗ ನಡೆಯಿತು. ಆಕೆ ನಸುಕಿನಲ್ಲಿ ಎದ್ದು, ಬಾವಿಯ ನೀರನ್ನು ಸೇದಿ ಸೋಸಿ, ಹಿಟ್ಟನ್ನು ಕೈಯಿಂದಲೇ ಬೀಸಿ, ಅಡಿಗೆಯನ್ನು ಶುದ್ಧವಾಗಿ ಮಾಡಿಟ್ಟು, ಕೈಯಲ್ಲಿ ಕಲಶ ಹಿಡಿದು ಪಡಗಾಹನಕ್ಕಾಗಿ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಹನ್ನೊಂದು ದಿನ ಮುನಿಗಳು ನಮ್ಮ ಮನೆಯನ್ನು ದಾಟಿ ಮುಂದೆ ಹೋದರು. ಹನ್ನೆರಡನೆಯ ದಿನ ನಿಂತರು. ಮೂರನೆಯ ಗ್ರಾಸದಲ್ಲಿ ಕೂದಲೆಳೆ ಕಾಣಿಸಿ ಅಂತರಾಯವಾಯಿತು. ಅವರು ಅಂಜಲಿಯನ್ನು ಬಿಟ್ಟು, ಆ ದಿನ ನೀರನ್ನೂ ಸ್ವೀಕರಿಸದೆ, ಮುಗುಳ್ನಗೆಯಿಂದಲೇ ಬಸದಿಗೆ ಹಿಂತಿರುಗಿದರು. ಆಕೆ ಒಳಗೆ ಹೋಗಿ ಬಹಳ ಹೊತ್ತು ಅತ್ತಳು.

ಮರುದಿನ ನಸುಕಿನಲ್ಲಿ ಬೀಸುವ ಕಲ್ಲಿನ ಸಪ್ಪಳ ಕೇಳಿ ನನಗೆ ಎಚ್ಚರವಾಯಿತು. ಬುದ್ಧಿವಂತನಂತೆ ನಾನು ಹೇಳಿದೆ: "ಇಷ್ಟು ಆಸೆ ಇಟ್ಟುಕೊಳ್ಳಬ್ಯಾಡ; ಮತ್ತ ಅಳಬೇಕಾಗತೈತಿ." ಆಕೆ ಕಲ್ಲನ್ನು ತಿರುವುತ್ತಲೇ ಅಂದಳು: "ಬಾಗಲಾಗ ನಿಂದ್ರೂದು ನಂದು ರೀ. ಬರೂದು ಬಿಡೂದು ಅವರದು."

ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯನ್ನು ದಾಟದಿದ್ದ ಆಕೆಗೆ ಲಾಭಾಂತರಾಯ ವೀರ್ಯಾಂತರಾಯಗಳ ಭೇದ ಗೊತ್ತಿರಲಿಲ್ಲ. ಆದರೆ ಎರಡು ಖಾತೆಗಳು ಬೇರೆಯೆಂಬುದು ಗೊತ್ತಿತ್ತು. ಶ್ರಾವಕನ ಹನ್ನೆರಡು ವ್ರತಗಳಲ್ಲಿ ಕೊನೆಯದಾದ ಅತಿಥಿಸಂವಿಭಾಗವನ್ನು ನಾನು ತರಗತಿಯಲ್ಲಿ ವ್ಯಾಖ್ಯಾನಿಸುತ್ತಿದ್ದೆ. ಆಕೆ ಬಾಗಿಲಲ್ಲಿ ನಿಂತು ಆಚರಿಸುತ್ತಿದ್ದಳು. 2018ರಲ್ಲಿ ಆಕೆ ನನ್ನನ್ನು ಅಗಲಿದಳು. ಆ ಶೋಕವನ್ನು ಅನುಭವಿಸಿದ ಮೇಲೆ ಯಾರಾದರೂ ನನ್ನನ್ನು, ಈ ನೋವಿಲ್ಲದೆ ಇರಬಹುದಾಗಿತ್ತು, ಆದರೆ ಆ ಬಾಳುವೆಯೂ ಇರುತ್ತಿರಲಿಲ್ಲ, ಯಾವುದನ್ನು ಆರಿಸುವಿರಿ ಎಂದು ಕೇಳಿದರೆ, ಉತ್ತರಕ್ಕಾಗಿ ನಾನು ಯಾವ ಗ್ರಂಥವನ್ನೂ ತೆರೆಯಬೇಕಾಗಿಲ್ಲ.

ವೈರಾಗ್ಯವನ್ನೂ ಭಯವನ್ನೂ ಬೇರ್ಪಡಿಸಿ ನೋಡಲು ಒಂದು ಒರೆಗಲ್ಲನ್ನು ವಾಚಕರಿಗೆ ಸೂಚಿಸಬಯಸುತ್ತೇನೆ. ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯಗಳೆಂಬ ನಾಲ್ಕು ಭಾವನೆಗಳು ವ್ರತಿಗೆ ವಿಹಿತವಾದವು. ನಮ್ಮ ನಿವೃತ್ತಿಯಿಂದ ಇವು ಬೆಳೆಯುತ್ತಿದ್ದರೆ ಅದು ವೈರಾಗ್ಯ. ನೆರೆಮನೆಯ ತೊಟ್ಟಿಲನ್ನು ಕಂಡು ಸಂತೋಷಪಡಲಾರದೆ ಮುಖ ತಿರುಗಿಸಬೇಕಾದರೆ, ಅಲ್ಲಿ ಪ್ರಮೋದಭಾವನೆ ಬತ್ತುತ್ತಿದೆಯೆಂದು ತಿಳಿದು, ಅದನ್ನು ವಾಸಿಮಾಡಬೇಕಾದ ಗಾಯವೆಂದು ಕಾಣಬೇಕೇ ಹೊರತು ಸಾಧಿಸಿದ ಗುಣವೆಂದಲ್ಲ. ನಿಜವಾದ ವಿರಕ್ತನು ತಾನು ಬಿಟ್ಟುದನ್ನು ಇನ್ನೊಬ್ಬರ ಕೈಯಲ್ಲಿ ಕಂಡಾಗ ನೋಯುವುದಿಲ್ಲ.

ವ್ರತದ ವಿಷಯದಲ್ಲಿಯೂ ಇದೇ ನ್ಯಾಯ. 'ಮುರಿದೀತು' ಎಂಬ ಅಂಜಿಕೆಯಿಂದ ವ್ರತವನ್ನೇ ಸ್ವೀಕರಿಸದವರು ನಮ್ಮಲ್ಲಿ ಅನೇಕರಿದ್ದಾರೆ. ಒಂದೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಆಚಾರ್ಯರು ಎಣಿಸಿ ಹೇಳಿರುವುದೇಕೆ? ಎಡವುವವರು ಇರುತ್ತಾರೆಂದು ಅವರಿಗೆ ತಿಳಿದಿತ್ತು. ಪ್ರಾಯಶ್ಚಿತ್ತವನ್ನು ಅಂತರಂಗತಪಸ್ಸಿನಲ್ಲಿ ಸೇರಿಸಿರುವುದೂ, ಜಾರಿದವನನ್ನು ಮತ್ತೆ ನಿಲ್ಲಿಸುವ ಸ್ಥಿತಿಕರಣವನ್ನು ಸಮ್ಯಕ್ತ್ವದ ಅಂಗವೆಂದಿರುವುದೂ ಅದಕ್ಕಾಗಿಯೇ. ಆದರೆ ವ್ರತಿಯು ನಿಶ್ಶಲ್ಯನಾಗಿರಬೇಕು. ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ಮೂರು ಮುಳ್ಳುಗಳು ಅವನಲ್ಲಿರಬಾರದು. 'ಇಷ್ಟು ಉಪವಾಸ ಮಾಡಿದೆನು, ಇಷ್ಟು ಫಲ ಬರಲಿ' ಎಂದು ಭೋಗದ ಲೆಕ್ಕ ಹಾಕುವುದು ನಿದಾನ. ಕೀಳಬೇಕಾದದ್ದು ಆ ಮುಳ್ಳನ್ನು. ಮುಳ್ಳು ನಟ್ಟ ಕಾಲನ್ನಲ್ಲ. ಗೃಹಸ್ಥನು ಪರಿಗ್ರಹಪರಿಮಾಣದ ಎಲ್ಲೆಯೊಳಗೆ, ಹಿಂಸೆಯಿಲ್ಲದ ಉಪಾಯದಿಂದ, ದಾನದಲ್ಲಿ ಪಾಲು ತೆಗೆದಿಟ್ಟು ಸುಖವನ್ನು ಅರಸಲಿ. ಧರ್ಮ, ಅರ್ಥ, ಕಾಮಗಳನ್ನು ಒಂದಕ್ಕೊಂದು ಅಡ್ಡಿಯಾಗದಂತೆ ಸೇವಿಸುವುದು ಶ್ರಾವಕಲಕ್ಷಣವೆಂದು ಹದಿಮೂರನೆಯ ಶತಮಾನದ ಪಂಡಿತ ಆಶಾಧರರೂ ಸಾಗಾರಧರ್ಮಾಮೃತದಲ್ಲಿ ಒಪ್ಪಿದ್ದಾರೆ.

ನಾನು ಮತ್ತೆ ಅಣ್ಣನ ಮಗಳ ಮನೆಗೆ ಹೋದೆ. "ಅವತ್ತ ನಾ ಹೇಳಿದ್ದು ತಪ್ಪವ್ವಾ" ಎಂದು ಮೊದಲು ಹೇಳಿದೆ. ಇನ್ನೊಂದು ಮಗು ಬೇಕೋ ಬೇಡವೋ ಎಂಬುದು ಅವಳೂ ಅವಳ ಗಂಡನೂ ವೈದ್ಯರ ಸಲಹೆಯನ್ನು ಕೇಳಿ ನಿರ್ಧರಿಸತಕ್ಕ ವಿಷಯ. ಆ ಬಗೆಗೆ ನಾನು ಒಂದು ಮಾತನ್ನೂ ಆಡಲಿಲ್ಲ. ಬೇಡವೆಂದರೆ ಅದು ವಿಚಾರದಿಂದ ಬಂದ ಬೇಡವಾಗಿರಲಿ, ಅಂಜಿಕೆಯಿಂದ ಬಂದದ್ದಾಗದಿರಲಿ ಎಂದಷ್ಟೇ ಹೇಳಿ, ಅವಳ ಕಾಕಿಯ ಬೀಸುವ ಕಲ್ಲಿನ ಕಥೆಯನ್ನು ಹೇಳಿದೆ. ಅವಳು ಏನೂ ಉತ್ತರ ಕೊಡಲಿಲ್ಲ.

ಕಳೆದ ವರ್ಷಾಯೋಗದಲ್ಲಿ ಒಂದು ದಿನ ಬಸದಿಗೆ ಹೋಗುವಾಗ ಅವಳು ತನ್ನ ಅತ್ತೆಯ ಪಕ್ಕದಲ್ಲಿ ಕಲಶ ಹಿಡಿದು ಬಾಗಿಲಲ್ಲಿ ನಿಂತಿದ್ದುದನ್ನು ಕಂಡೆ. ಮುನಿಗಳು ಆ ದಿನ ಅವರ ಮನೆಯನ್ನು ದಾಟಿ ಮುಂದಿನ ಮನೆಗೆ ಹೋದರು. ಮರುದಿನವೂ ಅವಳು ನಿಂತಿದ್ದಳು.

ಧರ್ಮಬಂಧುಗಳೇ, ಅನಂತಸುಖವು ಆತ್ಮನ ಸ್ವಭಾವ. ಅದು ಪ್ರಕಟವಾಗುವವರೆಗೆ ಈ ದಾರಿಯಲ್ಲಿ ಲಾಭವೂ ಅಲಾಭವೂ ಬರುತ್ತಲೇ ಇರುವವು. ಬರುವುದು ನಮ್ಮ ಅಧೀನದಲ್ಲಿಲ್ಲ. ಕೈಯನ್ನು ಶುದ್ಧವಾಗಿಟ್ಟುಕೊಂಡು ಬಾಗಿಲಲ್ಲಿ ನಿಲ್ಲುವುದು ನಮ್ಮ ಅಧೀನದಲ್ಲಿದೆ. ಅದನ್ನು ಬಿಡದಿರೋಣ.

ಸರ್ವರಿಗೂ ಮಂಗಳವಾಗಲಿ.